ಕಡಲ ವಿಹಾರಕ್ಕೆ ನೌಕೆಯನ್ನು ಆರಿಸುವ ಮುನ್ನ

ಇತ್ತೀಚಿನ ವರ್ಷಗಳಲ್ಲಿ ನಮ್ಮ ಕೊಪ್ಪಳ ಸೀಮೆಯ ಮನೆತನಗಳಲ್ಲಿ ಹೊಸದೊಂದು ರೂಢಿ ಬೆಳೆದುಬಂದಿದೆ. ರಜೆಗಳು ಬಂದವೆಂದರೆ ಕೂಡಲಸಂಗಮಕ್ಕೋ, ಶ್ರೀಶೈಲಕ್ಕೋ, ಉಳವಿಗೋ ಹೊರಡುತ್ತಿದ್ದ ಕುಟುಂಬಗಳು ಈಗ ಕ್ಷೇತ್ರದರ್ಶನದ ಬೆನ್ನಿಗೆ ಕಡಲತೀರವನ್ನೂ ಸೇರಿಸಿಕೊಳ್ಳುತ್ತಿವೆ. ಉಳವಿಯಲ್ಲಿ ಚನ್ನಬಸವಣ್ಣನವರ ಸಮಾಧಿಯ ದರ್ಶನ ಪಡೆದವರು, ಹೇಗೂ ಇಷ್ಟು ದೂರ ಬಂದೆವಲ್ಲ ಎಂದು ಘಟ್ಟವಿಳಿದು ಕಾರವಾರಕ್ಕೆ ಹೋಗುತ್ತಾರೆ. ಅಲ್ಲಿ ನೀರಿನಂಚಿನಲ್ಲಿ ಕಾಲು ತೋಯಿಸಿಕೊಂಡು ಮರಳುವುದರಿಂದ ಹಿರಿಯರಿಗೆ ತೃಪ್ತಿಯಾದೀತು. ಮಕ್ಕಳಿಗೆ ಅಷ್ಟು ಸಾಲದು. ಅವರು ಮೊಬೈಲಿನಲ್ಲಿ ಬಿಳಿಯ ಹಾಯಿಗಳ ಚಿತ್ರವನ್ನು ಮೊದಲೇ ನೋಡಿರುತ್ತಾರೆ. ಯಾಚ್ ಎಂಬ ವಿಹಾರನೌಕೆಯನ್ನು ಗೊತ್ತುಮಾಡಿಕೊಂಡು ಸಮುದ್ರದೊಳಗೆ ಹೋಗಿಬರಬೇಕೆಂದು ಹಟ ಹಿಡಿಯುತ್ತಾರೆ. ಆಗ ಮನೆಯ ಯಜಮಾನನ ಮುಂದೆ ಬರುವ ಪ್ರಶ್ನೆ ಒಂದೇ: ಅಷ್ಟೊಂದು ಕಂಪನಿಗಳಲ್ಲಿ ಯಾವುದನ್ನು ನಂಬುವುದು?

1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳಿಂದ ರೂಪುಗೊಂಡ ಜಿಲ್ಲೆ ನಮ್ಮದು. ಕಡಲಿಗೂ ನಮಗೂ ನಡುವೆ ಬಯಲುಸೀಮೆಯೂ ಸಹ್ಯಾದ್ರಿಯೂ ಅಡ್ಡ ಮಲಗಿವೆ. ಆದರೂ ನಮ್ಮ ಮನೆಬಾಗಿಲಿನ ಎರಡು ದೊಡ್ಡ ರಸ್ತೆಗಳು ಬಹುಕಾಲದಿಂದ ಸಮುದ್ರದತ್ತಲೇ ಮುಖಮಾಡಿವೆ. ಹಿಂದೆ 63ನೆಯ ರಾಷ್ಟ್ರೀಯ ಹೆದ್ದಾರಿ ಎನ್ನಿಸಿಕೊಂಡಿದ್ದ ರಸ್ತೆ ಕೊಪ್ಪಳ, ಗದಗ, ಹುಬ್ಬಳ್ಳಿಗಳನ್ನು ದಾಟಿ ಅಂಕೋಲೆಯಲ್ಲಿ ಮುಗಿಯುತ್ತಿತ್ತು. ಹಿಂದಿನ 13ನೆಯ ಹೆದ್ದಾರಿ ಸೊಲ್ಲಾಪುರದಿಂದ ಹೊರಟು ಕುಷ್ಟಗಿಯ ಮೇಲೆ ಹಾಯ್ದು ಮಂಗಳೂರನ್ನು ಸೇರುತ್ತಿತ್ತು. ಈಗ ಅವುಗಳ ಸಂಖ್ಯೆಗಳು ಬದಲಾಗಿವೆ, ದಿಕ್ಕು ಬದಲಾಗಿಲ್ಲ. ರಾತ್ರಿ ಊಟ ಮುಗಿಸಿ ಹೊರಟ ಬಾಡಿಗೆಯ ವಾಹನ ಬೆಳಗಿನ ಹೊತ್ತಿಗೆ ಕಡಲ ದಂಡೆಯಲ್ಲಿ ನಿಂತಿರುತ್ತದೆ. ಹಾದಿ ಇಷ್ಟು ಸುಲಭವಾದ ಮೇಲೆ ಮುಂದಿನ ಹೆಜ್ಜೆಯೂ ಅಷ್ಟೇ ಸುಲಭವೆಂದು ನಾವು ತಿಳಿದುಬಿಡುತ್ತೇವೆ.

ನೀರಿನ ಮೇಲೆ ಸಾಗುವುದು ನಮಗೆ ತೀರ ಅಪರಿಚಿತವಾದುದೇನೂ ಅಲ್ಲ. ಯಲಬುರ್ಗಾ, ಕುಷ್ಟಗಿಗಳ ಒಣನೆಲದ ಮಕ್ಕಳು ಬಾವಿಯಲ್ಲಿ ಈಜು ಕಲಿತರೆ ಅದೇ ಹೆಚ್ಚು. ಗಂಗಾವತಿಯ ಕಡೆಯವರಾದರೋ ತುಂಗಭದ್ರೆಯ ಹರಿಗೋಲಿನಲ್ಲಿ ಬೆಳೆದವರು. ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಬುಟ್ಟಿಯಂತೆ ದುಂಡಗಿದ್ದು ಹೊರಗೆ ತೊಗಲು ಹೊದಿಸಿದ ದೋಣಿಗಳಲ್ಲಿ ಜನರು ಹೊಳೆ ದಾಟುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಹದಿನೈದು ಇಪ್ಪತ್ತು ಮಂದಿ ಅದರಲ್ಲಿ ಕೂರಬಹುದೆಂದೂ, ಹುಟ್ಟು ಹಾಕುವಾಗ ಅದು ಗಿರಗಿರನೆ ಸುತ್ತುತ್ತಲೇ ಸಾಗುತ್ತದೆಂದೂ ಅವನು ಹೇಳುತ್ತಾನೆ. ಐದು ನೂರು ವರ್ಷಗಳಲ್ಲಿ ತೊಗಲು ಹೋಗಿ ಪ್ಲಾಸ್ಟಿಕ್ಕಿನ ಹಾಳೆಯೂ ಡಾಂಬರೂ ಬಂದಿವೆ. ಬಿದಿರಿನ ಹೆಣಿಗೆ ಇದ್ದಂತೆಯೇ ಇದೆ.

ಆನೆಗೊಂದಿಯ ಕಡೆ ಹರಿಗೋಲು ಹತ್ತಿದವರು ಒಂದು ಸಂಗತಿಯನ್ನು ಗಮನಿಸಿರಬೇಕು. ಅಲ್ಲಿ ಯಾರು ಎಲ್ಲಿ ಕೂರಬೇಕೆಂಬುದನ್ನು ಅಂಬಿಗನೇ ನಿರ್ಧರಿಸುತ್ತಾನೆ. ಮೈಭಾರದವರನ್ನು ಎದುರುಬದುರು ಕೂರಿಸುತ್ತಾನೆ, ಏಳಬೇಡಿರೆಂದು ಗದರುತ್ತಾನೆ. ಜಹಗೀರುದಾರನಿರಲಿ, ಜೀತದವನಿರಲಿ, ಹೊಳೆಯ ನಡುವೆ ಅವನ ಮಾತೇ ಮಾತು. ಮುನಿರಾಬಾದಿನ ಜಲಾಶಯದಿಂದ ನದಿಗೆ ನೀರು ಬಿಟ್ಟ ದಿನಗಳಲ್ಲಿ ಅವನು ಹರಿಗೋಲನ್ನು ಬೋರಲು ಹಾಕಿ ದಡದಲ್ಲಿ ಕುಳಿತುಬಿಡುತ್ತಾನೆ. ಎಷ್ಟು ಹಣ ಕೊಟ್ಟರೂ ಆ ದಿನ ನವವೃಂದಾವನಕ್ಕೆ ಹೋಗಲಾಗದು. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೆಯ ಗೇಟು ಸರಪಳಿ ಕಡಿದು ಕೊಚ್ಚಿಹೋದಾಗ, ಹೊಳೆಯ ಶಕ್ತಿ ಎಂಥದೆಂಬುದನ್ನು ನಮ್ಮ ಜಿಲ್ಲೆಯ ಮಕ್ಕಳೂ ಕಣ್ಣಾರೆ ಕಂಡರು. ಅಂಬಿಗನ ‘ಆಗದು’ ಎಂಬ ಮಾತಿಗೆ ಇಲ್ಲಿ ಯಾರೂ ಸಿಟ್ಟಾಗುವುದಿಲ್ಲ.

ಕಡಲಿಗೆ ಹೋದೊಡನೆ ಈ ಸಂಬಂಧ ತಲೆಕೆಳಗಾಗುತ್ತದೆ. ಅಲ್ಲಿ ನಾವು ಗಿರಾಕಿಗಳು. ಹಣ ಕೊಟ್ಟವರು ಹೇಳಿದಂತೆ ದೋಣಿ ಓಡಬೇಕೆಂಬುದು ನಮ್ಮ ಎಣಿಕೆ. ಬಂದ ಗಿರಾಕಿಯನ್ನು ಬಿಡಬಾರದೆಂಬುದು ಕಂಪನಿಯವರ ಎಣಿಕೆ. ಈ ಎರಡು ಎಣಿಕೆಗಳು ಕೂಡಿದಲ್ಲಿ ಅಪಾಯ ಮೊಳೆಯುತ್ತದೆ. ಆದ್ದರಿಂದ ನೌಕೆಯ ಕಂಪನಿಯನ್ನು ಆರಿಸುವಾಗ ನಾವು ಬೆಲೆಯನ್ನೂ ಬಣ್ಣದ ಚಿತ್ರಗಳನ್ನೂ ಆಮೇಲೆ ನೋಡಿ, ಇವರು ನಮಗೆ ‘ಆಗದು’ ಎನ್ನಬಲ್ಲರೇ ಎಂಬುದನ್ನು ಮೊದಲು ನೋಡಬೇಕೆಂದು ನಮ್ಮ ಅಭಿಪ್ರಾಯ. ಈ ಅಭಿಪ್ರಾಯಕ್ಕೆ ನಾವು ಸ್ವಲ್ಪ ಬೆಲೆ ತೆತ್ತೇ ಬಂದಿದ್ದೇವೆ.

ಎರಡು ಮೂರು ವರ್ಷಗಳ ಹಿಂದಿನ ಮಾತು. ದೀಪಾವಳಿಯ ರಜೆಯಲ್ಲಿ ನಾವೂ ನಮ್ಮ ಬೀಗರೂ ಕೂಡಿ ಹದಿಮೂರು ಜನ ಕರಾವಳಿಗೆ ಹೊರಟೆವು. ಅದರಲ್ಲಿ ನಾಲ್ವರು ಮಕ್ಕಳು, ಒಬ್ಬರು ಎಪ್ಪತ್ತು ದಾಟಿದ ತಾಯಿ. ಊರಿನಿಂದಲೇ ದೂರವಾಣಿಯ ಮೂಲಕ ಒಂದು ಕಂಪನಿಯ ನೌಕೆಯನ್ನು ಗೊತ್ತುಮಾಡಿ ಅರ್ಧ ಹಣವನ್ನು ಮುಂಗಡವಾಗಿ ಕಳುಹಿಸಿದ್ದೆವು. ಹದಿಮೂರು ಜನರಾಗುತ್ತೇವೆ ಎಂದರೆ ‘ಚಿಂತೆ ಬೇಡ, ಹಿಡಿಸುತ್ತದೆ’ ಎಂದರು. ಸಂಜೆ ಸೂರ್ಯಾಸ್ತ ನೋಡಬೇಕು ಎಂದರೆ ‘ಅಗತ್ಯವಾಗಿ’ ಎಂದರು. ಮಕ್ಕಳಿಗೆ ನಡುಗಡ್ಡೆಯ ಬಳಿ ನೀರಿಗಿಳಿಯಬಹುದೇ ಎಂದರೆ ಅದಕ್ಕೂ ಒಪ್ಪಿಗೆ. ಇಷ್ಟು ಸೌಜನ್ಯದ ಜನ ಬೇರೆ ಸಿಗಲಾರರೆಂದು ನಾವು ಹಿಗ್ಗಿದೆವು.

ಬಂದರಿಗೆ ಹೋಗಿ ನೋಡಿದರೆ ನೌಕೆಯ ಬಾಗಿಲ ಮೇಲೆಯೇ ಹತ್ತು ಜನರೆಂದು ಬರೆದಿತ್ತು. ಜೀವರಕ್ಷಕ ಕವಚಗಳು ಎಂಟು ಇದ್ದವು, ಎಲ್ಲವೂ ದೊಡ್ಡವರ ಅಳತೆಯವು, ಕೆಲವಕ್ಕೆ ಕೊಂಡಿ ಇರಲಿಲ್ಲ. ನೋಂದಣಿಯ ಕಾಗದವನ್ನು ಕೇಳಿದಾಗ ಮಾಲೀಕರು ಊರಿನಲ್ಲಿಲ್ಲವೆಂಬ ಉತ್ತರ ಬಂತು. ನಮ್ಮಲ್ಲೇ ಎರಡು ಪಕ್ಷಗಳಾದವು. ಹಣ ಕೊಟ್ಟಾಗಿದೆ, ಒಂದು ಗಂಟೆಯ ಮಾತು, ಹೋಗಿಬಿಡೋಣ ಎಂದವರಲ್ಲಿ ಈ ಲೇಖನ ಬರೆಯುತ್ತಿರುವ ನಾವೂ ಇದ್ದೆವೆಂಬುದನ್ನು ಮುಚ್ಚಿಡಲಾರೆವು. ನಮ್ಮನ್ನು ತಡೆದವರು ಬೀಗಿತ್ತಿಯವರು. ಅವರು ಆಡಿದ್ದು ಒಂದೇ ಮಾತು: ‘ಕಾರವಾರದ್ದು ಮರೆತಿರಾ?’

ಕಾರವಾರದ ಆ ದಿನ 2019ರ ಜನವರಿ 21. ನಮ್ಮ ಸಮಾಜದ ಯಾರೂ ಆ ದಿನಾಂಕವನ್ನು ಮರೆಯಲಾರರು. ಸಿದ್ಧಗಂಗೆಯ ಪೂಜ್ಯ ಶ್ರೀ ಶಿವಕುಮಾರ ಮಹಾಸ್ವಾಮಿಗಳು ಲಿಂಗೈಕ್ಯರಾದ ದಿನವದು. ನಾಡಿಗೆ ನಾಡೇ ತುಮಕೂರಿನತ್ತ ಮುಖಮಾಡಿ ಕಂಬನಿ ಮಿಡಿಯುತ್ತಿದ್ದಾಗ, ಕಾರವಾರದ ಸಮೀಪದ ಕೂರ್ಮಗಡ ನಡುಗಡ್ಡೆಯಲ್ಲಿ ನರಸಿಂಹ ದೇವರ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿಯೊಂದು ಮಗುಚಿ 16 ಜನರು ಅಸುನೀಗಿದರು. ಹಾವೇರಿಯ ಕಡೆಯಿಂದ ಹೋದವರೂ ಅವರಲ್ಲಿದ್ದರು, ನಮ್ಮಂತೆಯೇ ಕಡಲನ್ನು ಅರಿಯದ ಬಯಲುನಾಡಿನವರು. ದೋಣಿಯಲ್ಲಿ ಮಿತಿಮೀರಿ ಜನರಿದ್ದರೆಂದೂ, ಎಲ್ಲರ ಮೈಮೇಲೆ ರಕ್ಷಾಕವಚವಿರಲಿಲ್ಲವೆಂದೂ ಆಗಿನ ವರದಿಗಳು ಹೇಳಿದವು. ಆ ದೊಡ್ಡ ಶೋಕದ ನಡುವೆ ಈ ಸುದ್ದಿ ಅನೇಕರ ಕಿವಿಗೆ ತಟ್ಟಿಯೂ ಮನಸ್ಸಿನಲ್ಲಿ ನಿಲ್ಲಲಿಲ್ಲ. ಜನವರಿ 21 ಎಂದರೆ ನಿಜಶರಣ ಅಂಬಿಗರ ಚೌಡಯ್ಯನವರ ಜಯಂತಿಯೆಂದು ನಮ್ಮ ರಾಜ್ಯದಲ್ಲಿ ಆಚರಿಸಲ್ಪಡುವ ದಿನವೂ ಹೌದು. ತುಂಗಭದ್ರೆಯ ದಂಡೆಯ ಚೌಡದಾನಪುರದಲ್ಲಿ ಹುಟ್ಟು ಹಾಕುತ್ತಿದ್ದ ಆ ಶರಣರು ಯಾರ ಮುಖ ನೋಡಿಯೂ ಮಾತನ್ನು ಮೆದುಮಾಡಿದವರಲ್ಲ.

ಬೀಗಿತ್ತಿಯವರ ಮಾತಿನ ಮೇಲೆ ನಾವು ಮುಂಗಡವನ್ನು ಕಳೆದುಕೊಂಡು ಅಲ್ಲಿಂದ ಹೊರಟೆವು. ಅದೇ ಧಕ್ಕೆಯ ಇನ್ನೊಂದು ತುದಿಯಲ್ಲಿ ಒಂದು ಸಣ್ಣ ಕಂಪನಿಯ ಹಿರಿಯ ಚಾಲಕರು ನಮ್ಮನ್ನು ಎಣಿಸಿದರು. ಮಡಿಲಿನ ಕೂಸನ್ನು ನಾವು ಲೆಕ್ಕಕ್ಕೆ ಹಿಡಿದಿರಲಿಲ್ಲ. ‘ಅದೂ ಒಂದು ತಲೆಯೇ’ ಎಂದು ಹೇಳಿ ಮತ್ತೆ ಮೊದಲಿನಿಂದ ಎಣಿಸಿ, ಎರಡು ಸರದಿಯಲ್ಲಿ ಕರೆದೊಯ್ಯುವೆನೆಂದರು. ಸಂಜೆಗೆ ಒಪ್ಪಲಿಲ್ಲ. ಮಧ್ಯಾಹ್ನದ ನಂತರ ಕಡಲಗಾಳಿ ಏರುತ್ತದೆ, ಹೊಸಬರಿಗೆ ಅದು ಹಿತವಲ್ಲ, ಬೆಳಗ್ಗೆ ಏಳಕ್ಕೆ ಬನ್ನಿರೆಂದರು. ಮಕ್ಕಳು ನೀರಿಗಿಳಿಯುವ ಮಾತಿಗಂತೂ ತಲೆಯಾಡಿಸಿ ಸುಮ್ಮನಾದರು. ಅವರ ನಡೆ ನಮಗೆ ಆ ಹೊತ್ತಿನಲ್ಲಿ ಒರಟೆನಿಸಿತು.

ಮರುದಿನ ಬೆಳಗ್ಗೆ ಇನ್ನೊಂದು ತೊಡಕು ಬಂತು. ನಮ್ಮ ತಾಯಿಯವರು ಕವಚ ಧರಿಸಲು ಒಲ್ಲೆನೆಂದರು. ಕೊರಳಿನ ಕರಡಿಗೆಯ ಮೇಲೆ ಅದು ಒತ್ತುತ್ತದೆ, ಇಷ್ಟಲಿಂಗದ ಮೇಲೆ ಪಟ್ಟಿ ಬಿಗಿಯುವುದು ಸಲ್ಲದು ಎಂಬುದು ಅವರ ಸಂಕೋಚ. ಹಿರಿಯರಲ್ಲವೇ, ಹಾಗೆಯೇ ಕೂರಲಿ ಬಿಡಿ ಎಂದು ನಾವು ಕೇಳಿಕೊಂಡೆವು. ಚಾಲಕರು ಎಂಜಿನ್ನನ್ನೇ ನಿಲ್ಲಿಸಿಬಿಟ್ಟರು. ಬಳಿಕ ತಾವೇ ಒಳಗಿನಿಂದ ಒಂದು ಅಳತೆ ದೊಡ್ಡದಾದ ಕವಚವನ್ನು ತಂದು, ಪಟ್ಟಿ ಕರಡಿಗೆಯ ಕೆಳಗೆ ಬರುವಂತೆ ಹೊಂದಿಸಿಕೊಳ್ಳಲು ಸೊಸೆಗೆ ತೋರಿಸಿಕೊಟ್ಟರು. ಸೆರಗನ್ನು ಕವಚದ ಒಳಗೆ ಸಿಕ್ಕಿಸಿ ನಿರಿಗೆಯನ್ನು ಮೇಲಕ್ಕೆತ್ತಿ ಕಟ್ಟಲು ಹೇಳಿದರು. ಇಷ್ಟಕ್ಕೆ ಕಾಲು ಗಂಟೆ ಹಿಡಿಯಿತು. ಆ ಕಾಲು ಗಂಟೆಯ ಬಾಡಿಗೆಯನ್ನು ಅವರು ಲೆಕ್ಕಕ್ಕೆ ಹಿಡಿಯಲಿಲ್ಲ.

ಓದುಗರಿಗೆ ಉಪಯೋಗವಾಗಲೆಂದು, ಅಂದಿನಿಂದ ನಾವು ಕೇಳಿ ತಿಳಿದುಕೊಂಡ ಕೆಲವು ಸಂಗತಿಗಳನ್ನು ಇಲ್ಲಿ ಹೇಳುತ್ತೇವೆ.

ಕಾಗದಪತ್ರ ಕೇಳಲು ನಾಚಬಾರದು. ನದಿ, ಅಳಿವೆಗಳಲ್ಲಿ ಓಡುವ ಯಂತ್ರಚಾಲಿತ ನೌಕೆಗಳಿಗೆ 1917ರ ಹಳೆಯ ಕಾಯಿದೆಯ ಸ್ಥಾನದಲ್ಲಿ ಈಗ 2021ರ ಒಳನಾಡು ನೌಕೆಗಳ ಕಾಯಿದೆ ಬಂದಿದೆ. ನೋಂದಣಿ, ತಪಾಸಣೆಯ ಪ್ರಮಾಣಪತ್ರ, ವಿಮೆ, ಚಾಲಕನ ಅರ್ಹತಾಪತ್ರ ಇವು ಇರಲೇಬೇಕಾದವು. ತಪಾಸಣೆಯ ಪತ್ರದಲ್ಲಿ ಎಷ್ಟು ಜನರೆಂದು ಬರೆದಿರುತ್ತದೆ. ಕಂಪನಿಯವರ ಬಾಯಿಮಾತಿಗಿಂತ ಆ ಸಂಖ್ಯೆ ದೊಡ್ಡದು. ನಮ್ಮ ರಾಜ್ಯದ ಕರಾವಳಿಯಲ್ಲಿ ಇವುಗಳ ಮೇಲ್ವಿಚಾರಣೆ ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆಯದು. ಸಂಶಯ ಬಂದರೆ ಸ್ಥಳೀಯ ಬಂದರು ಕಚೇರಿಯಲ್ಲಿ ವಿಚಾರಿಸಬಹುದು. ಬಸ್ಸಿನಲ್ಲಿ ಇಬ್ಬರು ಹೆಚ್ಚು ಹತ್ತಿದರೆ ನಿಂತು ಹೋಗುತ್ತಾರೆ. ದೋಣಿಯಲ್ಲಿ ನಿಂತವರ ಭಾರ ಮೇಲಕ್ಕೇರಿದಷ್ಟೂ ಅದು ಓಲಾಡಿ ಮತ್ತೆ ನೆಟ್ಟಗಾಗುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. 2009ರ ಸೆಪ್ಟೆಂಬರ್ 30ರಂದು ಕೇರಳದ ತೇಕ್ಕಡಿಯಲ್ಲಿ ಎರಡು ಅಂತಸ್ತಿನ ವಿಹಾರದೋಣಿ ಮುಳುಗಿ 45 ಜನ ಸತ್ತರಲ್ಲ, ದಡದ ಕಾಡುಪ್ರಾಣಿಗಳನ್ನು ನೋಡಲು ಎಲ್ಲರೂ ಒಂದೇ ಮಗ್ಗುಲಿಗೆ ನುಗ್ಗಿದ್ದರೆಂದು ಆಗ ವರದಿಯಾಗಿತ್ತು. ಅದೇ ಕೇರಳದ ತಾನೂರಿನಲ್ಲಿ 2023ರ ಮೇ 7ರ ಸಂಜೆ 22 ಜನರನ್ನು ಬಲಿತೆಗೆದುಕೊಂಡ ದೋಣಿ, ಮೀನುಗಾರಿಕೆಯ ದೋಣಿಯನ್ನು ಪ್ರವಾಸಿಗರಿಗಾಗಿ ಮಾರ್ಪಡಿಸಿದ್ದೆಂಬ ಮಾತು ಹೊರಬಂತು. ಹೊಸ ಬಣ್ಣ ಬಳಿದ ಹಳೆಯ ದೋಣಿಯೂ ಚಿತ್ರದಲ್ಲಿ ಯಾಚ್‌ನಂತೆಯೇ ಕಾಣುತ್ತದೆ.

ಯಾಚ್ ಎಂಬ ಹೆಸರಿನ ಬಗೆಗೂ ಒಂದು ಮಾತು. ನಮ್ಮಲ್ಲಿ ಹಾಗೆಂದು ಬಾಡಿಗೆಗೆ ಸಿಗುವವುಗಳಲ್ಲಿ ಹಾಯಿ ಇಲ್ಲದ ಮೋಟಾರು ನೌಕೆಗಳು ಬಹಳ. ನಿಜವಾದ ಹಾಯಿನೌಕೆಯ ತಳದಲ್ಲಿ ಭಾರವಾದ ರೆಕ್ಕೆಯಂಥ ಭಾಗವಿರುತ್ತದೆ. ಗಾಳಿ ತುಂಬಿದಾಗ ನೌಕೆ ಒಂದು ಪಕ್ಕಕ್ಕೆ ಬಾಗಿಯೇ ಓಡುತ್ತದೆ, ತಳದ ಭಾರ ಅದನ್ನು ಎತ್ತಿ ಹಿಡಿಯುತ್ತದೆ. ಇದನ್ನು ಅರಿಯದವರು ಮಗುಚಿತೆಂದೇ ಚೀರುತ್ತಾರೆ. ವೃದ್ಧರೂ ಕೂಸುಗಳೂ ಇರುವ ಕುಟುಂಬಕ್ಕೆ ಕಟಮರನ್ ಎಂಬ ಜೋಡಿತಳದ ನೌಕೆ ಮೇಲು. ಅದು ಅಷ್ಟಾಗಿ ಬಾಗುವುದಿಲ್ಲ.

ನಮಗೆ ಹತ್ತಿರದಲ್ಲಿ ಇಂಥ ನೌಕೆಗಳು ಹೆಚ್ಚಾಗಿ ಸಿಗುವುದು ಗೋವೆಯ ಪಣಜಿಯಲ್ಲಿ, ಮಾಂಡವಿ ನದಿಯ ಮುಖದಲ್ಲಿ. ನಮ್ಮ ಕರಾವಳಿಯಲ್ಲಿ ದೋಣಿವಿಹಾರಕ್ಕೆ ಕಾಳಿ ನದಿಯ ಅಳಿವೆ, ಹೊನ್ನಾವರದ ಶರಾವತಿ, ಮಲ್ಪೆ ಮುಂತಾದ ತಾಣಗಳಿವೆ. ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪಕ್ಕೆ ಹೋಗಿ, ಕಲ್ಲುಕುಟಿಗ ಕಡೆದು ನಿಲ್ಲಿಸಿದಂತಿರುವ ಅಗ್ನಿಶಿಲೆಯ ಕಂಬಗಳನ್ನು ಮಕ್ಕಳಿಗೆ ತೋರಿಸದೆ ಬರಬಾರದು. ಮುರುಡೇಶ್ವರದಿಂದ ನೇತ್ರಾಣಿ ದ್ವೀಪ ಸುಮಾರು 19 ಕಿಲೋಮೀಟರ್ ದೂರ, ತೆರೆದ ಕಡಲು. ಮೊದಲ ಸಲ ಹೋಗುವವರು ಅಳಿವೆಯ ನೀರಿನಲ್ಲಿ ಒಂದು ಗಂಟೆ ಕಳೆದು, ಹೊಟ್ಟೆ ತೊಳಸುವುದೋ ಇಲ್ಲವೋ ನೋಡಿಕೊಂಡು ಮುಂದುವರಿಯುವುದು ಲೇಸು. ಶೇಂಗಾ ಹೋಳಿಗೆ, ಮಿರ್ಚಿ, ಮಂಡಕ್ಕಿಗಳನ್ನು ಭರ್ಜರಿಯಾಗಿ ಮುಗಿಸಿ ದೋಣಿ ಹತ್ತಿದವರ ಪಾಡನ್ನು ಇಲ್ಲಿ ವರ್ಣಿಸಲಾಗದು. ಖಡಕ್ ರೊಟ್ಟಿಯ ಒಂದು ಚೂರು, ಒಣಶುಂಠಿ ಇಷ್ಟು ಸಾಕು.

ಕವಚಗಳಲ್ಲಿಯೂ ದರ್ಜೆಗಳಿವೆ. 50 ನ್ಯೂಟನ್ ಎಂದು ಬರೆದದ್ದು ಈಜು ಬಲ್ಲವರಿಗೆ, ದಡದ ಬಳಿಗೆ ಮಾತ್ರ. ಈಜು ಬಾರದ ನಮ್ಮಂಥವರಿಗೆ 100 ನ್ಯೂಟನ್ನಾದರೂ ಇರಬೇಕು. ತೆರೆದ ಕಡಲಿಗೆ 150. ಕೊರಳಪಟ್ಟಿ ಇರುವ ಇಂಥ ಕವಚ, ಎಚ್ಚರ ತಪ್ಪಿದವನ ಮುಖವನ್ನೂ ನೀರಿನಿಂದ ಮೇಲಕ್ಕೆ ತಿರುಗಿಸುವಂತೆ ರಚಿತವಾಗಿರುತ್ತದೆ. ಮಕ್ಕಳದನ್ನು ವಯಸ್ಸಿನಿಂದಲ್ಲ, ತೂಕದಿಂದ ಆರಿಸಬೇಕು. ಕಾಲುಗಳ ನಡುವಿನ ಪಟ್ಟಿ ಇಲ್ಲದಿದ್ದರೆ ಕೂಸು ಕವಚದಿಂದ ಕೆಳಕ್ಕೆ ಜಾರಿಹೋಗುವ ಸಂಭವವುಂಟು. ಊರು ಬಿಡುವ ಮೊದಲೇ ಮಕ್ಕಳ ತೂಕವನ್ನು ಕಂಪನಿಗೆ ತಿಳಿಸಿ, ಆ ಅಳತೆಯವು ಇವೆಯೇ ಎಂದು ಕೇಳಿರಿ. ಆ ಪ್ರಶ್ನೆಗೆ ನಗುವವರನ್ನು ಅಲ್ಲಿಗೇ ಬಿಡಿರಿ.

ಬೆಲೆಯ ವಿಷಯದಲ್ಲಿ ಗಂಟೆಗೆ ಇಷ್ಟು ಎಂದರೆ ಮುಗಿಯಲಿಲ್ಲ. ಗಂಟೆ ಎಂದರೆ ದಡ ಬಿಟ್ಟು ದಡ ಸೇರುವ ಗಂಟೆಯೋ, ಕಡಲಿನಲ್ಲಿ ಕಳೆಯುವ ಗಂಟೆಯೋ? ಇಂಧನ, ಧಕ್ಕೆಯ ಶುಲ್ಕ, ತೆರಿಗೆ ಸೇರಿವೆಯೋ ಇಲ್ಲವೋ? ಎಲ್ಲಕ್ಕಿಂತ ಮುಖ್ಯವಾಗಿ, ಗಾಳಿಮಳೆಯ ಕಾರಣಕ್ಕೆ ವಿಹಾರ ರದ್ದಾದರೆ ಮುಂಗಡ ಮರಳುತ್ತದೆಯೋ? ಇದನ್ನು ಬರಹದಲ್ಲಿ ಪಡೆಯಬೇಕು. ಹಣ ಮರಳಿಸಲು ಒಪ್ಪದ ಕಂಪನಿ, ಕೆಟ್ಟ ಹವೆಯಲ್ಲಿಯೂ ದೋಣಿ ಬಿಡಲು ತನ್ನನ್ನು ತಾನೇ ಕಟ್ಟಿಹಾಕಿಕೊಂಡಿರುತ್ತದೆ, ಗಿರಾಕಿಯನ್ನೂ ಕಟ್ಟಿಹಾಕಿರುತ್ತದೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೇ ನಿಷೇಧವಿದೆ. ಮುಂಗಾರಿನ ಆ ದಿನಗಳಲ್ಲಿ ಅಗ್ಗದ ದರವೆಂದು ಕರೆಯುವವರ ಬಳಿಗೆ ಹೋಗತಕ್ಕದ್ದಲ್ಲ. ಉಳಿದ ದಿನಗಳಿಗೆ ಹವಾಮಾನ ಇಲಾಖೆಯ ಸೂಚನೆಗಳಿವೆ. ಹೈದರಾಬಾದಿನಲ್ಲಿ 1999ರಲ್ಲಿ ಸ್ಥಾಪಿತವಾದ ಸಾಗರ ಮಾಹಿತಿ ಸೇವಾ ಕೇಂದ್ರವು ಅಲೆಗಳ ಎತ್ತರದ ಮುನ್ಸೂಚನೆಯನ್ನು ನೀಡುತ್ತದೆ. ಕರಾವಳಿ ರಕ್ಷಣಾ ಪಡೆಯ ತುರ್ತು ದೂರವಾಣಿ 1554. ದಡದಿಂದ ದೂರದಲ್ಲಿ ಮೊಬೈಲು ಮೂಕವಾಗುವುದರಿಂದ, ನೌಕೆಯಲ್ಲಿ ರೇಡಿಯೋ ಇದೆಯೇ, ಅದು ನಡೆಯುತ್ತಿದೆಯೇ ಎಂಬುದನ್ನು ಹತ್ತುವ ಮೊದಲೇ ಕೇಳಬೇಕು.

ನಮ್ಮ ಓದುಗರ ಮಕ್ಕಳು ಅನೇಕರು ಇಂಗ್ಲೆಂಡ್, ಅಮೆರಿಕಗಳಲ್ಲಿ ನೆಲೆಸಿದ್ದಾರೆ. ತಂದೆತಾಯಿಗಳು ಅಲ್ಲಿಗೆ ಹೋದಾಗ ಗ್ರೀಸ್, ಕ್ರೊಯೇಷಿಯಾಗಳ ಕಡಲಿಗೆ ಕರೆದೊಯ್ಯುವವರೂ ಇದ್ದಾರೆ. ಅಲ್ಲಿ ನೌಕೆಯನ್ನು ಚಾಲಕನಿಲ್ಲದೆ ಬರಿದಾಗಿಯೇ ವಾರದ ಬಾಡಿಗೆಗೆ ಕೊಡುವ ಪದ್ಧತಿಯಿದೆ. ಅದಕ್ಕೆ ನೌಕಾಚಾಲನೆಯ ಪ್ರಮಾಣಪತ್ರ ಬೇಕು, ದೊಡ್ಡ ಮೊತ್ತದ ಠೇವಣಿ ಇಡಬೇಕು, ನೌಕೆಯ ಮೇಲೆ ಮೊದಲೇ ಇದ್ದ ಪ್ರತಿಯೊಂದು ಗೀರನ್ನೂ ಬರೆಸಿ ಸಹಿ ಮಾಡಿಸಿಕೊಳ್ಳಬೇಕು. ಮಗನ ಬಳಿ ಕಾರು ಓಡಿಸುವ ಪರವಾನಗಿ ಇದೆಯೆಂದು ಹಿಗ್ಗುವ ತಂದೆಯವರು ಇದನ್ನೊಮ್ಮೆ ವಿಚಾರಿಸಲಿ. ಪ್ರಮಾಣಪತ್ರವಿಲ್ಲದವರು ಚಾಲಕನ ಸಹಿತ ಪಡೆಯುವ ವ್ಯವಸ್ಥೆಯೂ ಅಲ್ಲಿ ಉಂಟು. ಖರ್ಚು ಹೆಚ್ಚಾದರೂ ಹೊಸಬರಿಗೆ ಅದೇ ತಕ್ಕದ್ದು.

ನಮ್ಮ ವಿಹಾರದ ಕಥೆಗೆ ಮರಳುವುದಾದರೆ, ಆ ಬೆಳಗ್ಗೆ ತಾಯಿಯವರು ಕವಚ ಧರಿಸಿ ಮೊದಲ ಸರದಿಯಲ್ಲೇ ಕುಳಿತರು. ಎಪ್ಪತ್ತು ವರ್ಷ ಎರೆಹೊಲದ ಅಂಚಿನಲ್ಲಿ ಸೂರ್ಯನನ್ನು ಕಂಡವರು ಅಂದು ದಡವನ್ನು ದೂರದಿಂದ ಕಂಡರು. ಹಿಂದಿರುಗಿದ ಮೇಲೆ ಚಾಲಕರನ್ನು ಕರೆದು, ಮನೆಯಿಂದ ತಂದಿದ್ದ ಕರದಂಟನ್ನು ಕೊಟ್ಟು, ನಿನ್ನೆ ಇವರು ನಿಮ್ಮ ಮೇಲೆ ರೇಗಿದ್ದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಡಿರೆಂದರು.

ಮರುವರ್ಷ ಅದೇ ರಜೆಗೆ ಅವರಿಗೇ ದೂರವಾಣಿ ಮಾಡಿದೆವು. ಈ ವಾರ ಗಾಳಿ ಸರಿಯಿಲ್ಲ, ಮುಂದಿನ ವಾರ ನೋಡೋಣ, ಮುಂಗಡ ಕಳುಹಿಸಬೇಡಿರಿ ಎಂಬ ಉತ್ತರ ಬಂತು. ಮುಂದಿನ ವಾರಕ್ಕೆ ಮಕ್ಕಳ ಶಾಲೆ ತೆರೆಯುತ್ತಿತ್ತು. ಹಾಗಾಗಿ ಬುತ್ತಿ ಕಟ್ಟಿಕೊಂಡು ಆನೆಗೊಂದಿಗೆ ಹೋದೆವು. ಹೊಳೆಗೆ ನೀರು ಬಿಟ್ಟಿದ್ದರಿಂದ ಅಲ್ಲಿಯೂ ಅಂಬಿಗರು ಹರಿಗೋಲುಗಳನ್ನು ಬೋರಲು ಹಾಕಿದ್ದರು. ಮಕ್ಕಳು ಅವುಗಳ ಬೆನ್ನ ಮೇಲೆ ಹತ್ತಿ ಕುಳಿತು ರೊಟ್ಟಿ ತಿಂದರು.